ಅಪ್‌ಡೇಟ್: ಥಾರ್ ಅಲ್ಲ, ಜಿಮ್ನಿ ತೆಗೆದುಕೊಂಡೆವು

ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ದಾರಿಗಳಿಗೆ ಮಹೀಂದ್ರಾದ ಥಾರ್ ಒಳ್ಳೆಯದೋ ಮಾರುತಿಯ ಜಿಮ್ನಿಯೋ, ಗಾಡಿಯಲ್ಲಿ ಏನೇನು ಬದಲಿಸಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಥಾರ್‌ನ ಡೀಸೆಲ್ ಎಳೆತಕ್ಕೆ ಮನಸ್ಸು ಸೋತದ್ದು ನಿಜ. ಆದರೂ ಮಳೆಗಾಲದ ಕೆಸರಿನಲ್ಲಿ ಹಗುರವಾದ ಗಾಡಿಯೇ ಮೇಲು ಎನಿಸಿತು. ಜಿಮ್ನಿಯಲ್ಲಿ ಲೋ ರೇಂಜ್ ಗೇರ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಇದೆ, ಗಾಡಿಯ ತಳ ನೆಲದಿಂದ 210 ಮಿಲಿಮೀಟರ್ ಎತ್ತರದಲ್ಲಿದೆ. ಐದು ಬಾಗಿಲಿರುವುದರಿಂದ ಅಮ್ಮ ಹಿಂದಿನ ಸೀಟಿಗೆ ಸಲೀಸಾಗಿ ಹತ್ತುತ್ತಾರೆ. ನನಗೆ ಅದೇ ದೊಡ್ಡ ಕಾರಣ.

ಮೊದಲ ಖರ್ಚು ಟೈರಿಗೆ. ಕಂಪನಿ ಕೊಟ್ಟ 195/80 ಆರ್15 ಅಳತೆಯಲ್ಲೇ ಡಾಂಬರು, ಕಚ್ಚಾದಾರಿ ಎರಡಕ್ಕೂ ಆಗುವ ಆಲ್ ಟೆರೇನ್ ಟೈರ್ ಹಾಕಿಸಿದೆ. ಕಲ್ಲುದಾರಿ ಬಂದಾಗ ಗಾಳಿಯ ಒತ್ತಡವನ್ನು 18 ಪಿಎಸ್‌ಐಗೆ ಇಳಿಸಿದರೆ ಟೈರಿನ ಹೊಟ್ಟೆ ಉಬ್ಬಿ, ಕಲ್ಲನ್ನು ಅಪ್ಪಿಕೊಂಡೇ ಹತ್ತುತ್ತದೆ. ಅದುವರೆಗೆ ಟಕಟಕ ಬಡಿಯುತ್ತಿದ್ದ ಡ್ಯಾಶ್‌ಬೋರ್ಡ್ ಸುಮ್ಮನಾಗುತ್ತದೆ! ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಲೇಬೇಕು, ಹಾಗಾಗಿ 12 ವೋಲ್ಟ್ ಕಂಪ್ರೆಸರ್ ಸದಾ ಡಿಕ್ಕಿಯಲ್ಲಿರುತ್ತದೆ. ಎಳೆಯುವ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಲೋಹದ ಕೊಂಡಿ (ಶ್ಯಾಕಲ್) ಕೂಡ ಇವೆ.

ಗಾಡಿಯ ಮುಂದೆ ಕೂರಿಸುವ ಲೋಹದ ಕಂಬಿ, ಅಂದರೆ ಬುಲ್ ಬಾರ್, ಹಾಕಿಸಲಿಲ್ಲ. ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಏರ್‌ಬ್ಯಾಗ್ ಸೆನ್ಸರ್‌ಗೂ ಅದು ಅಡ್ಡಿ. ದಯವಿಟ್ಟು ಯಾರೂ ಹಾಕಿಸಬೇಡಿ. ಗಾಡಿಯನ್ನು ಇನ್ನಷ್ಟು ಎತ್ತರಿಸುವ ಲಿಫ್ಟ್ ಕಿಟ್ ಸದ್ಯಕ್ಕೆ ಬೇಡ. ಮುಂದಿನ ಕೆಲಸ, ಕಲ್ಲು ತಾಗದಂತೆ ಗಾಡಿಯಡಿ ಲೋಹದ ರಕ್ಷಣಾ ತಗಡು (ಸ್ಕಿಡ್ ಪ್ಲೇಟ್) ಹಾಕಿಸುವುದು.