ಅಂಬಾಸಿಡರ್ ಪೆಟ್ರೋಲ್: ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕೋದಾದ್ರೆ ಯಾವುದು?

ಅಂಬಿ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಗಾಡಿ ಅಂಬಾಸಿಡರ್ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಎಂಜಿನ್. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದೆ. ಬ್ಯಾಟರಿ ನೆಗೆಟಿವ್ ಅರ್ಥ್ (ಮೈನಸ್ ಬಾಡಿಗೆ). ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಲ್ಯೂಕಾಸ್, ಒಳಗೆ ಮಾಮೂಲಿ ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್, ಅಂದ್ರೆ ಕಾಯಿಲಿನ ಕರೆಂಟ್ ಕಡಿದು ಕಿಡಿ ಹುಟ್ಟಿಸೋ ಸ್ವಿಚ್, ಮತ್ತು ಕಂಡೆನ್ಸರ್. ವಾರಕ್ಕೆ ನಾಲ್ಕು ದಿನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇ ಓಡಾಟ, ಒಂದು ಕಡೆಗೆ 60 ಕಿ.ಮೀ. ಆಸುಪಾಸು.

ಪಾಯಿಂಟ್ ಗ್ಯಾಪ್ ಇಟ್ಟು ಹದಿನೈದು ದಿನಕ್ಕೇ ಐಡ್ಲಿಂಗ್ ಏರುಪೇರಾಗುತ್ತೆ. 70ರ ಮೇಲೆ ಹೋದ್ರೆ ಮಿಸ್ ಹೊಡೆಯುತ್ತೆ. ಬಿಸಿಲು ಜೋರಿದ್ದಾಗ ಭರಮಸಾಗರ ದಾಟೋ ಹೊತ್ತಿಗೆ ಒಮ್ಮೊಮ್ಮೆ ಬಂದ್ ಬೀಳುತ್ತೆ, 20 ನಿಮಿಷ ಬಾನೆಟ್ ಎತ್ತಿ ಬಿಟ್ರೆ ಮತ್ತೆ ಸ್ಟಾರ್ಟ್.

ಮೂರು ದಾರಿ ಕಾಣ್ತಿವೆ. ಪಾಯಿಂಟ್ ಹಾಗೇ ಇಟ್ಟು ಹೊರಗೊಂದು ಟ್ರಾನ್ಸಿಸ್ಟರ್ ಬಾಕ್ಸ್ ಕೂರಿಸೋದು, ಪಾಯಿಂಟ್ ಕಿತ್ತು ಆ ಜಾಗದಲ್ಲಿ ಮ್ಯಾಗ್ನೆಟ್ ರಿಂಗ್ ಇರೋ ಮಾಡ್ಯೂಲ್ ಹಾಕೋದು, ಇಲ್ಲಾ ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಾಯಿಸೋದು. ಜತೆಗೆ 1.5 ಓಮ್‌ನ ಸ್ಪೋರ್ಟ್ಸ್ ಕಾಯಿಲ್ ಹಾಕು ಅಂತ ಒಬ್ಬರು, ಮಜ್ದಾ ರೋಟರಿ ಕಾರಿಗೆ ಹಾಕೋ ಥರ ಸಿಡಿಐ (ಕೆಪಾಸಿಟರಿನಲ್ಲಿ ಕರೆಂಟ್ ಕೂಡಿಟ್ಟು ಒಮ್ಮೆಲೇ ಬಿಡೋ ಇಗ್ನಿಷನ್) ಹಾಕು ಅಂತ ಇನ್ನೊಬ್ಬರು. ಯಾವುದಕ್ಕೆ ದುಡ್ಡು ಹಾಕಲಿ?

ದುರ್ಗದ_ಪಾನಾ:

ಯಾವುದಕ್ಕೂ ಇವತ್ತು ದುಡ್ಡು ಹಾಕಬೇಡ್ರಿ. ಮೊದಲು ಡಿಸ್ಟ್ರಿಬ್ಯೂಟರ್ ಶಾಫ್ಟ್ ನೋಡ್ರಿ. ಹದಿನೈದು ದಿನಕ್ಕೇ ಗ್ಯಾಪ್ ಕೆಡೋದು ಪಾಯಿಂಟ್‌ನ ತಪ್ಪಲ್ಲ, ಬಹುತೇಕ ಶಾಫ್ಟ್ ಹಿಡಿದಿರೋ ಬುಷ್ ಸವೆದಿರುತ್ತೆ.

ಕ್ಯಾಪ್ ಬಿಚ್ಚಿ, ಒಳಗೆ ತಿರುಗೋ ರೋಟರ್ ತೆಗೆದು, ಶಾಫ್ಟಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲುಗಾಡಿಸ್ರಿ. ಕೈಗೆ ಟಕ್ ಟಕ್ ಅಂತ ಸಿಕ್ಕರೆ ಪ್ಲೇ ಇದೆ ಅಂತ ಅರ್ಥ. ಅನುಮಾನ ಇದ್ದರೆ ಫೀಲರ್ ಗೇಜ್ ಹಿಡೀರಿ. ಪಾಯಿಂಟ್ ತೆರೆಯೋ ಕ್ಯಾಮಿನ ಒಂದು ಮೂಲೆಯಲ್ಲಿ 0.38 ಮಿ.ಮೀ. ಗ್ಯಾಪ್ ಇಟ್ಟು, ಎಂಜಿನ್ ತಿರುಗಿಸುತ್ತಾ ಉಳಿದ ಮೂರು ಮೂಲೆಗೂ ಅಳೀರಿ. ಈ ಎಂಜಿನ್ನಿಗೆ 0.35ರಿಂದ 0.40 ಇರಬೇಕು. ಒಂದರಲ್ಲಿ 0.35, ಇನ್ನೊಂದರಲ್ಲಿ 0.45 ಬಂದರೆ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಟೈಮಿಂಗ್ ಹೋಗ್ತಿದೆ. ಡಿಸ್ಟ್ರಿಬ್ಯೂಟರ್ ತಿರುಗೋದು ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಹಾಗಾಗಿ ಅಲ್ಲಿ 1 ಡಿಗ್ರಿ ತಪ್ಪಿದರೆ ಕ್ರ್ಯಾಂಕಿನಲ್ಲಿ 2 ಡಿಗ್ರಿ ತಪ್ಪಿದ ಲೆಕ್ಕ. ಇಂಥ ಶಾಫ್ಟಿನ ಮೇಲೆ ಎಂಥ ದುಬಾರಿ ಮಾಡ್ಯೂಲ್ ಕೂರಿಸಿದರೂ ಟೈಮಿಂಗ್ ಕುಣಿಯೋದು ನಿಲ್ಲಲ್ಲ. ಮೇಲಾಗಿ ಮ್ಯಾಗ್ನೆಟ್ ರಿಂಗ್ ಹೋಗಿ ಸೆನ್ಸರಿಗೆ ಉಜ್ಜುತ್ತೆ.

ಬುಷ್ ಹೊಸದಾಗಿ ಹಾಕಿಸೋದು ಲೇತ್‌ನವರ ಕೈಯಲ್ಲಿ ಆಗೋ ಕೆಲಸ. ಕಂಚಿನ ಬುಷ್ ತಿರುವಿಸಿ, ಹಾಕೋ ಮುಂಚೆ ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿಡಿಸ್ರಿ. ಬಿಚ್ಚಿದಾಗ, ವೇಗ ಏರಿದಂತೆ ಕಿಡಿಯನ್ನ ಮುಂಚೆ ತರೋ ಕೆಳಗಿನ ಎರಡು ಅಡ್ವಾನ್ಸ್ ತೂಕ ಸಲೀಸಾಗಿ ಹೊರಳುತ್ತವಾ, ಸ್ಪ್ರಿಂಗ್ ಎರಡೂ ಇದೆಯಾ ನೋಡಿಕೊಳ್ರಿ. ಹಳೇ ಗ್ರೀಸ್ ಗಟ್ಟಿಯಾಗಿ ತೂಕ ಅಂಟಿಕೊಂಡಿದ್ದರೆ 70ರ ಮೇಲೆ ಎಳೆಯೋದೇ ಇಲ್ಲ, ಎಲ್ಲರೂ ಕಾರ್ಬೊರೇಟರನ್ನ ಬೈತಾರೆ.

ಇನ್ನೊಂದು ಸಣ್ಣ ವೈರ್ ಇದೆ, ಅದನ್ನ ಯಾರೂ ನೋಡಲ್ಲ. ಪಾಯಿಂಟ್ ಕೂತಿರೋ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಬಟ್ಟೆ ಸುತ್ತಿದ ಮೆತ್ತನೆಯ ಅರ್ಥ್ ವೈರ್, ಗೇಣಿನ ಕಾಲುಭಾಗವೂ ಇಲ್ಲ. ಎಂಜಿನ್ನಿನ ಗಾಳಿಯೆಳೆತದಿಂದ ಕೆಲಸ ಮಾಡೋ ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಾಗಲೆಲ್ಲ ಪ್ಲೇಟ್ ತಿರುಗುತ್ತೆ, ಅದರ ಜತೆ ಈ ವೈರೂ ಬಾಗುತ್ತೆ. ವರ್ಷಗಟ್ಟಲೆ ಬಾಗಿ ಬಾಗಿ ಬಟ್ಟೆ ಒಳಗೇ ಎಳೆ ತುಂಡಾಗಿರುತ್ತೆ, ಹೊರಗಿನಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಮಿಸ್ ಆಗೋದಕ್ಕೆ ಇದು ಖಾಯಂ ಕಾರಣ. ಬದಲಿಗೆ ಮನೆ ವೈರಿಂಗಿನ ಗಟ್ಟಿ ತಂತಿ ಬೆಸೆಯಬೇಡ್ರಿ. ಪ್ಲೇಟ್ ತಿರುಗೋಕೆ ಬಿಡಲ್ಲ, ತಿಂಗಳಲ್ಲಿ ಅದೂ ಮುರಿಯುತ್ತೆ. ಸಣ್ಣ ಎಳೆಗಳ ಮೆತ್ತನೆ ವೈರೇ ಬೇಕು.

ಬಿಸಿಲಲ್ಲಿ ಬಂದ್ ಬೀಳೋದಕ್ಕೆ ಇಗ್ನಿಷನ್ನೇ ಕಾರಣ ಅಂತ ಈಗಲೇ ಹೇಳೋಕಾಗಲ್ಲ. ನಿಂತ ತಕ್ಷಣ, ತಣಿಯೋಕೆ ಬಿಡದೆ, ಒಂದು ಪ್ಲಗ್ ಬಿಚ್ಚಿ ವೈರ್ ಸಿಕ್ಕಿಸಿ ಹೆಡ್ ಮೇಲೆ ಮಲಗಿಸಿ ಸೆಲ್ಫ್ ಹೊಡೀರಿ. ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಬರುತ್ತೆ, ಅದಕ್ಕೇ ಬೇರೆ ಸಿಲಿಂಡರಿನ ಕಡೆ ದೂರ ಇಡ್ರಿ. ನೀಲಿ ಕಿಡಿ ಟಕಟಕ ಅಂದರೆ ಪೆಟ್ರೋಲ್ ಪಂಪ್ ಕಾದು ಲೈನಿನಲ್ಲಿ ಆವಿ ಕಟ್ಟಿದೆ, ಯಾವ ಕಿಟ್ಟೂ ಅದಕ್ಕೆ ಮದ್ದಲ್ಲ. ಕಿಡಿ ಹಳದಿಯಾಗಿ ಸೋತಿದ್ದರೆ, ಇಲ್ಲವೇ ಇಲ್ಲದಿದ್ದರೆ, ಕಂಡೆನ್ಸರ್ ಅಥವಾ ಕಾಯಿಲ್.

ಕಿಡಿ_ಲೆಕ್ಕ:

ಮೇಲಿನವರು ಹೇಳಿದ್ದು ಸರಿ. ಅದಾದ ಮೇಲೆ ಕಿಟ್ ಆರಿಸುವ ವಿಷಯ.

ಟ್ರಾನ್ಸಿಸ್ಟರ್ ಬಾಕ್ಸಿನಲ್ಲಿ ಕಾಯಿಲ್‌ನ ಪೂರ್ತಿ ಕರೆಂಟ್ ಪಾಯಿಂಟ್ ಮೇಲೆ ಹಾಯುವುದಿಲ್ಲ, ಅದು ಬರೀ ಸ್ವಿಚ್ ಆಗಿ ಕೆಲಸ ಮಾಡುತ್ತದೆ. ಹಾಗಾಗಿ ಪಾಯಿಂಟ್ ಸುಡುವುದಿಲ್ಲ, ಒಂದು ಕಡೆ ಗುಂಡಿ ಇನ್ನೊಂದು ಕಡೆ ಮೊಳಕೆ ಬರುವುದಿಲ್ಲ. ಆದರೆ ಕ್ಯಾಮಿಗೆ ತಾಗುವ ಫೈಬರ್ ಹಿಮ್ಮಡಿ ಸವೆಯುವುದು ತಪ್ಪುವುದಿಲ್ಲ. ಅದು ಸವೆದಂತೆ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಬಾಕ್ಸ್ ಕೈಕೊಟ್ಟರೆ ವೈರ್ ಬದಲಿಸಿ ಹಳೆಯ ಪದ್ಧತಿಗೆ ಮರಳಬಹುದು ಎಂಬುದೊಂದೇ ಇದರ ದೊಡ್ಡ ಗುಣ.

ಮ್ಯಾಗ್ನೆಟ್ ರಿಂಗ್ ಮಾಡ್ಯೂಲಿನಲ್ಲಿ ಸವೆಯುವ ಭಾಗವೇ ಇಲ್ಲ. ನಿಮ್ಮ ಓಡಾಟಕ್ಕೆ ನನ್ನ ಮತ ಇದಕ್ಕೇ. ಬೆಳಕಿನ ಕಿರಣದಲ್ಲಿ ಕೆಲಸ ಮಾಡುವ ಆಪ್ಟಿಕಲ್ ಕಿಟ್ಟೂ ಬರುತ್ತವೆ, ಅವು ಕರಾರುವಾಕ್ಕು. ಆದರೆ ದುರ್ಗದ ಗಾಳಿಗೆ ಏಳುವ ಧೂಳು, ಎಂಜಿನ್ನಿನ ಎಣ್ಣೆ ಹಬೆ ಎರಡೂ ಸೇರಿ ಕಣ್ಣು ಮಸುಕಾದರೆ ಮಿಸ್ ಶುರು. ಮ್ಯಾಗ್ನೆಟಿಗೆ ಧೂಳು ಲೆಕ್ಕಕ್ಕಿಲ್ಲ. ಕೊಳ್ಳುವಾಗ "ಅಂಬಾಸಿಡರ್ ಕಿಟ್" ಎಂದಷ್ಟೇ ಕೇಳಬೇಡಿ. ಡಿಸ್ಟ್ರಿಬ್ಯೂಟರ್ ಬಾಡಿಯ ಮೇಲೆ ಒತ್ತಿರುವ ಮಾದರಿ ಸಂಖ್ಯೆ ಓದಿ ಅದಕ್ಕೆ ಹೊಂದುವುದನ್ನೇ ತರಿಸಿ. ಒಂದೇ ಕಾರಿನಲ್ಲಿ ಬೇರೆ ಬೇರೆ ಡಿಸ್ಟ್ರಿಬ್ಯೂಟರ್ ಬಂದಿವೆ, ಪ್ಲೇಟಿನ ತೂತು, ಕ್ಯಾಮಿನ ಅಳತೆ ಬೇರೆ.

ಸ್ಪೋರ್ಟ್ಸ್ ಕಾಯಿಲ್ ಬೇಡ. ಲೆಕ್ಕ ನೋಡಿ. ಎಂಜಿನ್ ಓಡುವಾಗ 13.8 ವೋಲ್ಟ್ ಇರುತ್ತದೆ. 3 ಓಮ್ ಕಾಯಿಲ್ ಹೆಚ್ಚೆಂದರೆ 4.6 ಆಂಪಿಯರ್ ಎಳೆಯುತ್ತದೆ, 1.5 ಓಮ್‌ನದು 9.2. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಬಿಡುವು ಹೆಚ್ಚು. 3000 ಆರ್‌ಪಿಎಂನಲ್ಲೂ ಸೆಕೆಂಡಿಗೆ 100 ಕಿಡಿ, ಅಂದರೆ ಕಿಡಿಗೆ 10 ಮಿಲಿಸೆಕೆಂಡ್. ಐಡ್ಲಿಂಗಿನಲ್ಲಿ ಅದರ ನಾಲ್ಕು ಪಟ್ಟು. ಅಷ್ಟು ಹೊತ್ತು 9 ಆಂಪಿಯರ್ ಹಾಯ್ದರೆ ಸಾದಾ ಮಾಡ್ಯೂಲ್ ಬೇಯುತ್ತದೆ. ಎಂಟು ಸಿಲಿಂಡರಿಗೆ 1.5 ಓಮ್ ಒಪ್ಪುವ ಕಿಟ್ಟೇ ನಾಲ್ಕಕ್ಕೆ 3 ಓಮ್ ಕೇಳುವುದು ಇದೇ ಕಾರಣಕ್ಕೆ. ಕರೆಂಟನ್ನು ತಾನೇ ಮಿತಿಗೊಳಿಸುವ ಮಾಡ್ಯೂಲ್ ಆದರೆ ಮಾತು ಬೇರೆ, ಕಿಟ್ಟಿನ ಜತೆ ಬಂದ ಕಾಗದದಲ್ಲಿ ಎಷ್ಟು ಓಮ್ ಬೇಕು ಎಂದು ಬರೆದಿರುತ್ತದೆ.

ಸಿಡಿಐ ವಿಷಯ. ಮಜ್ದಾದ ರೋಟರಿ ಎಂಜಿನ್ನಿನಲ್ಲಿ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವಂಥದ್ದು) ದಹನದ ಕೋಣೆ ಉದ್ದವಾಗಿ ಚಪ್ಪಟೆಯಾಗಿದೆ, ಅದಕ್ಕೇ ಆರ್‌ಎಕ್ಸ್-7ರಲ್ಲಿ ಒಂದೊಂದು ರೋಟರಿಗೆ ಎರಡು ಪ್ಲಗ್, ಲೀಡಿಂಗ್ ಒಂದು, ಟ್ರೇಲಿಂಗ್ ಒಂದು. ಎಣ್ಣೆಯನ್ನೂ ಒಳಗೆ ಸುಡುವುದರಿಂದ ಪ್ಲಗ್ ಬೇಗ ಮಸಿ ಹಿಡಿಯುತ್ತದೆ. ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರಿಗೆ ಕಿಡಿ ಬೇಕು. ಸಿಡಿಐ ವೋಲ್ಟೇಜನ್ನು ಥಟ್ಟನೆ ಏರಿಸುವುದರಿಂದ ಮಸಿ ಹಿಡಿದ ಪ್ಲಗ್ಗಿನಲ್ಲೂ ಕಿಡಿ ಹಾರುತ್ತದೆ, ಅಲ್ಲಿ ಅದು ಸಾರ್ಥಕ. ಆದರೆ ಆ ಕಿಡಿಯ ಆಯಸ್ಸು ತೀರ ಕಡಿಮೆ. ಅಂಬಾಸಿಡರ್ ಐಡ್ಲಿಂಗಿನಲ್ಲಿ, ತೆಳು ಮಿಶ್ರಣದಲ್ಲಿ, ಒಂದು ಮಿಲಿಸೆಕೆಂಡಿಗೂ ಮಿಕ್ಕು ಉರಿಯುವ ಕಾಯಿಲ್ ಕಿಡಿಯೇ ಚೆನ್ನಾಗಿ ಹೊತ್ತಿಸುತ್ತದೆ.

ಅಂಬಿ_ದಾವಣಗೆರೆ:

ಇಬ್ಬರಿಗೂ ತುಂಬಾ ಧನ್ಯವಾದ. ಎಲ್ಲಾ ಅಳೆದೆ. ಶಾಫ್ಟ್ ಅಲುಗಾಡುತ್ತೆ, ನಾಲ್ಕು ಮೂಲೆ 0.38, 0.44, 0.36, 0.46. ಅರ್ಥ್ ವೈರ್ ಚೆನ್ನಾಗಿದೆ. ಕಾಯಿಲ್ ಪ್ರೈಮರಿ 3.2 ಓಮ್. ಬ್ಯಾಟರಿ 12.5 ವೋಲ್ಟ್, ಆದರೆ ಕೀ ಆನ್ ಮಾಡಿ ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ಪ್ಲಸ್‌ನಲ್ಲಿ ಬರೀ 10.9. ನಿಂತಾಗ ಕಿಡಿ ನೋಡಿದೆ, ಹಳದಿ, ಸಣ್ಣದು. ರೋಟರಿನ ಕೆಳಗೆ ಒಂದು ಕಪ್ಪು ಚುಕ್ಕೆ ಇದೆ, ಅದೇನು?

ಪಿಬಿ_ರೋಡ್_ವೈರಿಂಗ್:

ಆ ಕಪ್ಪು ಚುಕ್ಕೆ ತೂತು ಕಣಣ್ಣ. ಹಿತ್ತಾಳೆ ಪಟ್ಟಿಯನ್ನ ರಿವೆಟ್ ಹೊಡೆದು ಕೂರಿಸಿದ ರೋಟರಾ ನೋಡಿ. ರಿವೆಟ್ ತುದಿಗೂ ಶಾಫ್ಟಿಗೂ ಮಧ್ಯೆ ಪ್ಲಾಸ್ಟಿಕ್ ತೆಳ್ಳಗಿರುತ್ತೆ, ಕಿಡಿ ಅಲ್ಲೇ ಕೊರೆದು ಶಾಫ್ಟಿಗೆ ಇಳಿದುಬಿಡುತ್ತೆ, ಕಾದಷ್ಟೂ ಜಾಸ್ತಿ. ಖಾತ್ರಿ ಮಾಡಿಕೊಳ್ಳೋಕೆ ಕ್ಯಾಪ್ ತೆಗೆದು, ಕಾಯಿಲಿನ ದಪ್ಪ ವೈರನ್ನ ಇನ್ಸುಲೇಟೆಡ್ ಪ್ಲೈಯರಲ್ಲಿ ಹಿಡಿದು ರೋಟರಿನ ಹಿತ್ತಾಳೆಗೆ 5 ಮಿ.ಮೀ. ದೂರ ಇಟ್ಟು ಸೆಲ್ಫ್ ಹೊಡೆಸಿ. ಕಿಡಿ ಹಾರಿದರೆ ರೋಟರ್ ಸೋರ್ತಿದೆ. ಸರಿ ಇರೋ ರೋಟರಿಗೆ ಹಾರಬಾರದು. ರಿವೆಟ್ ಇಲ್ಲದ್ದು, ಪಟ್ಟಿಯನ್ನ ಪ್ಲಾಸ್ಟಿಕ್ಕಿನಲ್ಲೇ ಎರಕ ಹೊಯ್ದಿರೋದು ತಗೊಳ್ಳಿ. ಕ್ಯಾಪ್ ಒಳಗೆ ಪೆನ್ಸಿಲ್ ಗೆರೆ ಥರ ಕಪ್ಪು ಗೆರೆ ಇದ್ದರೆ ಅದನ್ನೂ ಬಿಸಾಕಿ, ನಡುವಿನ ಕಾರ್ಬನ್ ಬ್ರಷ್ ಒತ್ತಿದರೆ ಚಿಮ್ಮಿ ವಾಪಸ್ ಬರಬೇಕು.

12.5 ಇದ್ದದ್ದು 10.9 ಆದರೆ 1.6 ವೋಲ್ಟ್ ಹಳೇ ಇಗ್ನಿಷನ್ ಸ್ವಿಚ್ಚು, ಫ್ಯೂಸ್ ಬಾಕ್ಸಿನ ತುಕ್ಕು ತಿಂತಿವೆ. ಮಾಡ್ಯೂಲಿಗೆ ಇದು ಪಾಯಿಂಟ್‌ಗಿಂತ ಹೆಚ್ಚು ತೊಂದರೆ, ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಇನ್ನೂ ಬಿದ್ದು ಕಿಡಿಯೇ ಬರಲ್ಲ. ನಾಲ್ಕು ಕಾಲಿನ ರಿಲೇ ಹಾಕಿ. 30ನೇ ಕಾಲಿಗೆ ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ 1.5 ಚದರ ಮಿ.ಮೀ. ವೈರ್, 86ಕ್ಕೆ ಈಗ ಕಾಯಿಲ್ ಪ್ಲಸ್‌ಗೆ ಬರ್ತಿರೋ ಹಳೇ ವೈರ್, 85 ಬಾಡಿ ಅರ್ಥಿಗೆ, 87ರಿಂದ ಕಾಯಿಲ್ ಪ್ಲಸ್. ಮಾಡ್ಯೂಲಿನ ಕೆಂಪು ವೈರ್ ಕಾಯಿಲ್ ಪ್ಲಸ್‌ಗೆ, ಕಪ್ಪು ಕಾಯಿಲ್ ಮೈನಸ್‌ಗೆ. ಇದು ಅದಲುಬದಲಾದರೆ ಕೀ ತಿರುಗಿಸಿದ ಕ್ಷಣಕ್ಕೇ ಮಾಡ್ಯೂಲ್ ಹೋಗುತ್ತೆ, ಎರಡು ಸಲ ನೋಡಿ. ಹಳೇ ಕಂಡೆನ್ಸರ್ ತೆಗೆದುಬಿಡಿ. ಕಾಯಿಲಿಗೆ ಬ್ಯಾಲಾಸ್ಟ್ (ಕರೆಂಟ್ ಇಳಿಸೋ ರೆಸಿಸ್ಟರ್) ಇರೋ ಗಾಡಿಯಾದರೆ ಕೆಂಪು ವೈರನ್ನ ಬ್ಯಾಲಾಸ್ಟಿಗಿಂತ ಮುಂಚೆ ಕೊಡಬೇಕು. ನಿಮ್ಮದು 3.2 ಓಮ್, ಆ ಗೊಡವೆ ಇಲ್ಲ.

ರಿಲೇ ಹಾಕಿದ ಮೇಲೆ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದೇ ಇರಬಹುದು. ಗಾಬರಿ ಬೇಡ. ಆಲ್ಟರ್ನೇಟರಿನ ಕರೆಂಟ್ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಬಲ್ಬಿನ ಮೂಲಕ ಹಿಂದಕ್ಕೆ ಬಂದು ರಿಲೇಯನ್ನ ಹಿಡಿದುಕೊಂಡಿರುತ್ತೆ. ಆ ಬಲ್ಬಿಗೆ ಸ್ವಿಚ್ ಕಡೆಯಿಂದ ಬರೋ ವೈರಿಗೆ ಒಂದು 1ಎನ್4007 ಡಯೋಡ್ ಹಾಕಿ, ಬೆಳ್ಳಿ ಪಟ್ಟಿ ಇರೋ ತುದಿ ಬಲ್ಬ್ ಕಡೆಗೆ.

ತಾಮ್ರದ ತಂತಿಯ ಹಳೇ ಪ್ಲಗ್ ವೈರ್ ಇದ್ದರೆ ಅದೂ ಬದಲಾಗಬೇಕು. ಅದರ ರೇಡಿಯೋ ಗಲಾಟೆಗೆ ಮಾಡ್ಯೂಲ್ ತಪ್ಪು ಹೊತ್ತಿಗೆ ಕಿಡಿ ಕೊಡುತ್ತೆ. ಕಾರ್ಬನ್ ವೈರ್ ಹಾಕಿ, ಇಲ್ಲಾ ತಾಮ್ರದ ವೈರೇ ಇಟ್ಟು 5 ಕಿಲೋ ಓಮ್ ಪ್ಲಗ್ ಕ್ಯಾಪ್ ಹಾಕಿ, ಎರಡರಲ್ಲಿ ಒಂದು ಸಾಕು.

ಕಿಡಿ_ಲೆಕ್ಕ:

ರಿಂಗ್ ಕೂರಿಸುವಾಗ ಒಂದು ಎಚ್ಚರ. ಅದು ಕ್ಯಾಮಿನ ಮೇಲೆ ಪೂರ್ತಿ ಇಳಿಯದಿದ್ದರೆ ರೋಟರ್ ಎತ್ತರವಾಗಿ ಕೂತು, ಕ್ಯಾಪ್ ಹಾಕಿ ಸೆಲ್ಫ್ ಹೊಡೆದೊಡನೆ ಕ್ಯಾಪ್ ಒಡೆಯುತ್ತದೆ. ಕ್ಯಾಪ್ ಹಾಕಿ ಕೈಯಿಂದ ಎಂಜಿನ್ ಎರಡು ಸುತ್ತು ತಿರುಗಿಸಿ, ಎಲ್ಲೂ ತಾಗಬಾರದು. ಸೆನ್ಸರಿಗೂ ರಿಂಗಿಗೂ ಕಿಟ್ಟಿನ ಕಾಗದದಲ್ಲಿ ಹೇಳಿದಷ್ಟು ಸಂದು ಸುತ್ತಲೂ ಒಂದೇ ಇರಬೇಕು.

ಟೈಮಿಂಗ್ ಹೊಸದಾಗಿ ಇಡಲೇಬೇಕು, ಪಾಯಿಂಟ್ ತೆರೆಯುತ್ತಿದ್ದ ಜಾಗವೂ ಮಾಡ್ಯೂಲ್ ಕಿಡಿ ಕೊಡುವ ಜಾಗವೂ ಒಂದೇ ಅಲ್ಲ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಐಡ್ಲಿಂಗ್ ಎಷ್ಟು ಸಾಧ್ಯವೋ ಅಷ್ಟು ಇಳಿಸಿ, ಮೊದಲನೇ ಸಿಲಿಂಡರಿನ ವೈರಿಗೆ ಟೈಮಿಂಗ್ ಲೈಟ್ ಸಿಕ್ಕಿಸಿ. ಪುಲ್ಲಿಯ ಗೀರಿಗೆ ಸುಣ್ಣ ಬಳಿದುಕೊಳ್ಳಿ. ಟೈಮಿಂಗ್ ಕವರಿನ ಮೂರು ಮುಳ್ಳುಗಳಲ್ಲಿ ಉದ್ದದ್ದು ಟಿಡಿಸಿ (ಪಿಸ್ಟನ್ ತುತ್ತತುದಿಗೆ ಬಂದ ಜಾಗ), ಉಳಿದವು 5 ಮತ್ತು 10 ಡಿಗ್ರಿ ಮುಂಚೆ. ಕೈಪಿಡಿಯಲ್ಲಿ ನಿಮ್ಮ ಎಂಜಿನ್ನಿನ ಕಂಪ್ರೆಷನ್ನಿಗೆ ಕೊಟ್ಟ ಅಂಕಿಗೆ ಹೊಂದಿಸಿ. ಇದರ ರೋಟರ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಆದ್ದರಿಂದ ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಗಡಿಯಾರದ ದಿಕ್ಕಿಗೆ ಹೊರಳಿಸಿದರೆ ಅಡ್ವಾನ್ಸ್. ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಬರುವ ಸರದಿ) 1-3-4-2. ಕೊನೆಗೆ ಜೋಗಿಮಟ್ಟಿ ಕಡೆಯಂಥ ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ನೋಡಿ. ಕಟಕಟ ನಾಕಿಂಗ್ ಕೇಳಿಸಿದರೆ ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ಪ್ಲಗ್ ಗ್ಯಾಪ್ 0.6ರಿಂದ 0.7ಕ್ಕೆ ಏರಿಸಬಹುದು. 1 ಮಿ.ಮೀ. ಮಾಡಿದರೆ ಆ ಒತ್ತಡವೆಲ್ಲ ರೋಟರ್, ಕ್ಯಾಪ್ ಮೇಲೆ ಬೀಳುತ್ತದೆ.

ದುರ್ಗದ_ಪಾನಾ:

ನಿಮ್ಮ ಅಂಕಿ ನೋಡಿದರೆ ಬುಷ್, ರೋಟರ್, ರಿಲೇ, ಈ ಮೂರೂ ಕೆಲಸ ಮೊದಲು. ಅಷ್ಟು ಮಾಡಿ ಹೊಸ ಪಾಯಿಂಟ್, ಒಳ್ಳೇ ಕಂಡೆನ್ಸರ್ ಹಾಕಿ ಒಂದು ವಾರ ಓಡಿಸ್ರಿ, ಮಿಸ್ ಅಲ್ಲೇ ಹೋಗಬೇಕು. ಆಮೇಲೆ ಮಾಡ್ಯೂಲ್ ಹಾಕ್ರಿ.

ಬಿಚ್ಚಿದ ಪಾಯಿಂಟ್ ಸೆಟ್ಟು, ಕಂಡೆನ್ಸರ್, ಒಂದು ಫೀಲರ್ ಗೇಜ್, ಸಣ್ಣ ಸ್ಕ್ರೂಡ್ರೈವರ್ ಡಬ್ಬಿಗೆ ಹಾಕಿ ಗಾಡಿಯಲ್ಲೇ ಇಡ್ರಿ. ಮಾಡ್ಯೂಲ್ ಹೋಗೋ ಮುಂಚೆ ಹೇಳಿ ಹೋಗಲ್ಲ, ಪಾಯಿಂಟ್ ಆದರೆ ಕುಂಟುತ್ತಾ ಆದರೂ ಊರು ಮುಟ್ಟಿಸುತ್ತೆ. ಎಂಜಿನ್ ನಿಂತಾಗ ಹಾಡು ಕೇಳೋಕೆ ಅಂತ ಕೀ ಆನ್‌ನಲ್ಲೇ ಬಿಡಬೇಡ್ರಿ, ಕಾಯಿಲೂ ಮಾಡ್ಯೂಲೂ ಕಾದು ಸುಡುತ್ತವೆ. ಟಿಂಕರಿಂಗಿಗೆ ಬಿಟ್ಟಾಗ ಆರ್ಕ್ ವೆಲ್ಡಿಂಗ್ ಶುರು ಮಾಡೋ ಮುಂಚೆ ಬ್ಯಾಟರಿ ಟರ್ಮಿನಲ್ ಬಿಚ್ಚಿ, ಮಾಡ್ಯೂಲಿನ ಎರಡೂ ವೈರ್ ಕಾಯಿಲಿನಿಂದ ತೆಗೆಸ್ರಿ. ಪಕ್ಕದಲ್ಲಿ ನಿಂತು ತೆಗೆಸ್ರಿ.