ಆಮೆಮರಿಯ ಪೆಟ್ಟಿಗೆಗೆ ಯಾವ ಹಾಸು ಸುರಕ್ಷಿತ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮಲ್ಲಿ ಆರು ತಿಂಗಳ ಸಲ್ಕಾಟಾ (ಆಫ್ರಿಕಾದ ಒಂದು ನೆಲದಾಮೆ) ಆಮೆಮರಿಯೊಂದಿದೆ. ಅದರ ಪೆಟ್ಟಿಗೆಯ ತಳಕ್ಕೆ ಈವರೆಗೆ ಹಳೆಯ ಪತ್ರಿಕೆಗಳನ್ನು ಹಾಸುತ್ತಿದ್ದೆವು. ನಡೆಯುವಾಗ ಅದರ ಹಿಂಗಾಲುಗಳು ಹೊರಕ್ಕೆ ಜಾರುವುದನ್ನು ಕಂಡು ಹಾಸನ್ನು ಬದಲಾಯಿಸಲು ನಿರ್ಧರಿಸಿದ್ದೇವೆ. ಇದು ಮರುಭೂಮಿಯ ಅಂಚಿನ ಪ್ರಾಣಿಯಾದ್ದರಿಂದ ಒಣ ಮರಳೇ ಸರಿ ಎಂದು ಒಬ್ಬರು ಹೇಳುತ್ತಾರೆ. ಮೊಲಗಳಿಗೆ ಹಾಕುವ ಮರದ ಹೆರೆ ಸಾಕು ಎಂದು ಇನ್ನೊಬ್ಬರು. ಕ್ಯಾಲ್ಸಿಯಂ ಮರಳನ್ನು (ಕ್ಯಾಲ್ಸಿಯಂ ಕಾರ್ಬೊನೇಟಿನ ಕಣಗಳನ್ನು) ತಿಂದರೂ ಅದು ಹೊಟ್ಟೆಯಲ್ಲಿ ಕರಗಿಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಪಶುವೈದ್ಯರ ಉತ್ತರ: ನಮಸ್ಕಾರ. ಕಾಲು ಜಾರುವುದನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ಬೆಳೆಯುವ ವಯಸ್ಸಿನಲ್ಲಿ ಕಾಲಿಗೆ ಹಿಡಿತ ಸಿಗದಿದ್ದರೆ ನಡಿಗೆ ಕೆಡುತ್ತದೆ. ಕಾಯಿಲೆ ಬಿದ್ದ ಆಮೆಯನ್ನು ಕೆಲವು ದಿನ ಬೇರೆಯಾಗಿರಿಸಿ ಅದರ ಮಲವನ್ನು ಗಮನಿಸಬೇಕಾದಾಗ ಕಾಗದ ಅನುಕೂಲವೇ ಹೊರತು, ಆರೋಗ್ಯವಂತ ಮರಿಯ ನಿತ್ಯವಾಸಕ್ಕೆ ಅದು ತಕ್ಕದ್ದಲ್ಲ.

ನೀವು ಹೆಸರಿಸಿದ ಮೂರನ್ನೂ ನಾನು ಒಪ್ಪುವುದಿಲ್ಲ. ಆಮೆಗೆ ಹಲ್ಲುಗಳಿಲ್ಲ. ಅದು ಎಲೆಯನ್ನು ಮುಂಗಾಲಿನಿಂದ ಒತ್ತಿಹಿಡಿದು, ಕೊಕ್ಕಿನಂಥ ಬಾಯಿಂದ ಎಳೆದು ಹರಿಯುತ್ತದೆ. ಹಾಗೆ ಎಳೆಯುವಾಗ ಎಲೆಯ ಒದ್ದೆ ಭಾಗಕ್ಕೂ ನಾಲಿಗೆಗೂ ನೆಲದ ಕಣಗಳು ಅಂಟಿಕೊಂಡು ಪ್ರತಿ ತುತ್ತಿನೊಂದಿಗೆ ಒಳಗೆ ಹೋಗುತ್ತವೆ. ಮರಳಿನ ಕಣ ಜೀರ್ಣವಾಗದೆ, ಭಾರದಿಂದ ಕರುಳಿನಲ್ಲಿ ತಂಗಿ, ಕ್ರಮೇಣ ಗಟ್ಟಿಯಾಗಿ ದಾರಿಯನ್ನೇ ಮುಚ್ಚಬಲ್ಲದು. ಕಣ್ಣಿನ ರೆಪ್ಪೆಯೊಳಗೆ ಸೇರಿದರೆ ಉಜ್ಜಿ ಉರಿಯೂತ ತರುತ್ತದೆ. ಕ್ಯಾಲ್ಸಿಯಂ ಮರಳು ಕರಗುತ್ತದೆಂಬ ಭರವಸೆಯೂ ನಿಲ್ಲುವುದಿಲ್ಲ. ಹೆಚ್ಚು ತಿಂದರೆ ಅದೂ ಮುದ್ದೆಗಟ್ಟುತ್ತದೆ, ಮೇಲಾಗಿ ಅದರ ರುಚಿಗೆ ಮರಿ ಅದನ್ನೇ ಹುಡುಕಿ ತಿನ್ನುವುದೂ ಉಂಟು. ಇನ್ನು ಮರದ ಹೆರೆ: ಸೀಡರ್ ಮತ್ತು ಪೈನ್ ಮರಗಳ ಘಾಟು ಎಣ್ಣೆಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಶ್ವಾಸಕೋಶಕ್ಕೂ ಕಣ್ಣಿಗೂ ತೊಂದರೆ ಕೊಡುತ್ತವೆ. ಯಾವ ಮರದ್ದಾದರೂ ಒಣ ಹೆರೆಯು ಗಾಳಿಯ ತೇವವನ್ನು ಹೀರಿಬಿಡುತ್ತದೆ.

ತೇವದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮರುಭೂಮಿಯ ಪ್ರಾಣಿ ಎಂಬ ಮಾತೇ ಅನೇಕ ಮರಿಗಳ ಚಿಪ್ಪನ್ನು ಹಾಳುಮಾಡಿದೆ. ಸಲ್ಕಾಟಾ ಸಹಾರಾದ ದಕ್ಷಿಣ ಅಂಚಿನ ಪ್ರಾಣಿ ಎಂಬುದು ನಿಜ. ಆದರೆ ಅದು ಬಿಸಿಲಿನ ಹೊತ್ತನ್ನು ನೆಲದೊಳಗಿನ ಬಿಲದಲ್ಲಿ ಕಳೆಯುತ್ತದೆ, ಬಿಲದ ಗಾಳಿಯು ಹೊರಗಿನ ಗಾಳಿಗಿಂತ ಎಷ್ಟೋ ತೇವವಾಗಿರುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಲ್ಕಾಟಾ ಮರಿಗಳನ್ನೇ ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಆಹಾರದಲ್ಲಿ ಬೆಳೆಸಿ ನೋಡಿದರು. ಚಿಪ್ಪಿನ ಫಲಕಗಳು ಗೋಪುರದಂತೆ ಉಬ್ಬಲು ಮುಖ್ಯ ಕಾರಣ ಒಣ ಗಾಳಿಯೆಂದೂ, ಪ್ರೋಟೀನಿನ ಪಾತ್ರ ಅಲ್ಪವೆಂದೂ ಅದರಲ್ಲಿ ಕಂಡುಬಂತು. ಒಮ್ಮೆ ಮೂಡಿದ ಉಬ್ಬು ಮತ್ತೆ ಇಳಿಯುವುದಿಲ್ಲ. ಆದ್ದರಿಂದ ಮರಿಯ ಹಾಸು ಎರಡು ಕೆಲಸ ಮಾಡಬೇಕು: ತನ್ನೊಳಗೆ ತೇವವನ್ನು ಹಿಡಿದಿಡಬೇಕು, ಅಕಸ್ಮಾತ್ ಹೊಟ್ಟೆಗೆ ಹೋದ ಒಂದೆರಡು ಎಳೆಗಳು ಸುಲಭವಾಗಿ ಹೊರಬರುವಂತಿರಬೇಕು.

ನನ್ನ ಆಯ್ಕೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ; ಅದರ ಮೇಲೆ ತೆಳುವಾಗಿ ಆರ್ಕಿಡ್ ಗಿಡಗಳಿಗೆ ಬಳಸುವ ಫರ್ ಮರದ ತೊಗಟೆ. ಬರೀ ಕೋಕೋಪೀಟ್ ಆದರೆ ಮೇಲ್ಭಾಗ ಒಣಗಿದಾಗ ಧೂಳೇಳುತ್ತದೆ, ಒದ್ದೆಯಾದಾಗ ಸೊಪ್ಪಿಗೆಲ್ಲ ಮೆತ್ತಿಕೊಳ್ಳುತ್ತದೆ. ತೊಗಟೆಯ ಪದರ ಇವೆರಡನ್ನೂ ತಡೆಯುತ್ತದೆ. ತೊಗಟೆಯ ಚೂರುಗಳು ಮರಿಯ ಬಾಯಿಗಿಂತ ದೊಡ್ಡದಾಗಿರಲಿ. ಕೆಲವು ಕೋಕೋಪೀಟ್ ಇಟ್ಟಿಗೆಗಳಲ್ಲಿ ಉಪ್ಪಿನಂಶ ಉಳಿದಿರುವುದರಿಂದ ಮೊದಲು ನೀರಿನಲ್ಲಿ ನೆನೆಸಿ, ಆ ನೀರನ್ನು ಬಸಿದು ಚೆಲ್ಲಿ ಬಳಸಿರಿ. ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಕಾಣದ ಮಣ್ಣು ಸಿಕ್ಕರೆ ಅದನ್ನೂ ಬೆರೆಸಬಹುದು. ಕುಂಡದ ಗಿಡಗಳಿಗೆಂದು ಚೀಲಗಳಲ್ಲಿ ಮಾರುವ ಮಣ್ಣಿನ ಮಿಶ್ರಣವನ್ನು ಮಾತ್ರ ತರಬೇಡಿ. ಅದರಲ್ಲಿರುವ ಪರ್ಲೈಟಿನ ಬಿಳಿ ಕಾಳುಗಳನ್ನು ಮರಿಗಳು ಹೆಕ್ಕಿ ನುಂಗುತ್ತವೆ. ಅಕ್ರೋಟಿನ ಚಿಪ್ಪಿನ ಪುಡಿ, ಜೋಳದ ದಿಂಡಿನ ಚೂರು, ಎಳೆ ಬಿಚ್ಚಿಕೊಂಡು ಬೆರಳಿಗೆ ಸುತ್ತಿಕೊಳ್ಳುವ ಪ್ಲಾಸ್ಟಿಕ್ ಹುಲ್ಲುಹಾಸು, ಇವೂ ಬೇಡ.

ದಪ್ಪ ಐದರಿಂದ ಹತ್ತು ಸೆಂಟಿಮೀಟರ್ ಇರಲಿ, ಮರಿ ತನ್ನ ಚಿಪ್ಪು ಮುಚ್ಚುವಷ್ಟು ಹುದುಗಿಕೊಳ್ಳುವಂತಿರಲಿ. ಅಗೆದು ಹುದುಗುವ ಪ್ರಾಣಿಗೆ ತಳದಲ್ಲಿ ಬಿಸಿ ಮ್ಯಾಟ್ ಇಡುವುದು ಅಪಾಯ. ತಂಪಿಗಾಗಿ ಕೆಳಗಿಳಿದ ಮರಿಗೆ ಅಲ್ಲೇ ಹೊಟ್ಟೆಯ ಚಿಪ್ಪು ಸುಡಬಹುದು. ಶಾಖ ಮೇಲಿನಿಂದ ಬರಲಿ. ಆಹಾರವನ್ನು ಚಪ್ಪಟೆ ಕಲ್ಲಿನ ಮೇಲೋ ಹೆಂಚಿನ ಮೇಲೋ ಕೊಡಿ.

ಮರುಪ್ರಶ್ನೆ: ತುಂಬ ಧನ್ಯವಾದಗಳು, ಡಾಕ್ಟರೇ. ಹಾಸು ಸದಾ ಒದ್ದೆಯಾಗಿದ್ದರೆ ಚಿಪ್ಪು ಕೊಳೆಯುತ್ತದೆ, ಶೀತವಾಗುತ್ತದೆ ಎಂಬ ಭಯವಿದೆ. ಎಷ್ಟು ತೇವ ಸರಿ ಎಂದು ತಿಳಿಯುವುದು ಹೇಗೆ?

ಪಶುವೈದ್ಯರ ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಹೊಟ್ಟೆಯ ಚಿಪ್ಪು ಹಗಲೂರಾತ್ರಿ ಒದ್ದೆಯ ಮೇಲೇ ಇದ್ದರೆ ಅಲ್ಲಿ ಕೊಳೆ ಶುರುವಾಗುತ್ತದೆ. ಅದಕ್ಕೇ ಕೆಳಪದರ ತೇವವಾಗಿ, ಮೇಲ್ಪದರ ಬಹುಮಟ್ಟಿಗೆ ಒಣಗಿರಬೇಕು. ಮೇಲಿನಿಂದ ಚಿಮುಕಿಸುವುದಕ್ಕಿಂತ ಪೆಟ್ಟಿಗೆಯ ಮೂಲೆಗಳಲ್ಲಿ ನಿಧಾನವಾಗಿ ನೀರು ಸುರಿದರೆ ಅದು ತಳಕ್ಕೆ ಇಳಿಯುತ್ತದೆ. ಕೆಳಗಿನ ಕೋಕೋಪೀಟನ್ನು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ನೋಡಿ: ಅದು ಉಂಡೆಯಾಗಿ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು, ತಟ್ಟಿದರೆ ಉಂಡೆ ಒಡೆಯಬೇಕು. ತೇವಾಂಶದ ಮೀಟರನ್ನು ಮೇಲುಗೋಡೆಗೆ ಅಂಟಿಸದೆ ಮರಿಯ ಎತ್ತರದಲ್ಲಿಡಿ.

ಶೀತದ ಮಾತು ಬಂದಾಗ ನೋಡಬೇಕಾದದ್ದು ಉಷ್ಣಾಂಶವನ್ನು. ತೇವ ಮತ್ತು ಚಳಿ ಒಟ್ಟಿಗೆ ಸೇರಿದಾಗಲೇ ಶ್ವಾಸಕೋಶದ ಸೋಂಕಿಗೆ ದಾರಿಯಾಗುವುದು. ಸಲ್ಕಾಟಾ ಮರಿಯ ತೇವದ ಪೆಟ್ಟಿಗೆಯಲ್ಲಿ ರಾತ್ರಿಯೂ 26 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಮಲವನ್ನೂ ಉಳಿದ ಸೊಪ್ಪನ್ನೂ ದಿನವೂ ತೆಗೆಯಿರಿ, ಬೂಷ್ಟು ಕಂಡಲ್ಲಿ ಆ ಭಾಗವನ್ನು ಎತ್ತಿ ಹಾಕಿ. ಹಾಸು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮನೆಯ ಮಕ್ಕಳಿಗೆ ತಪ್ಪದೆ ಹೇಳಿಕೊಡಿ, ಏಕೆಂದರೆ ಆರೋಗ್ಯವಾಗಿ ಕಾಣುವ ಆಮೆಯ ಮಲದಲ್ಲೂ ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನಮ್ಮ ಕೆಂಪುಕಾಲಿನ ಆಮೆಮರಿ ನಿನ್ನೆ ಒಂದು ತೊಗಟೆಯ ಚೂರನ್ನು ನುಂಗಿದ್ದನ್ನು ಕಣ್ಣಾರೆ ಕಂಡೆ. ತಕ್ಷಣ ಆಸ್ಪತ್ರೆಗೆ ಕರೆತರಬೇಕೇ?

ಪಶುವೈದ್ಯರ ಉತ್ತರ: ಮರಿ ಎಂದಿನಂತೆ ತಿನ್ನುತ್ತ, ಓಡಾಡುತ್ತ, ಮಲ ಹಾಕುತ್ತ ಇದ್ದರೆ ಗಾಬರಿ ಬೇಡ. ದಿನಕ್ಕೊಮ್ಮೆ ಕತ್ತಿನ ಬುಡದವರೆಗೆ ಮಾತ್ರ ಬರುವಷ್ಟು ಬೆಚ್ಚನೆಯ ನೀರಿನಲ್ಲಿ ಸುಮಾರು ಇಪ್ಪತ್ತು ನಿಮಿಷ ಬಿಡಿ. ಅದು ನೀರು ಕುಡಿಯುತ್ತದೆ, ಮಲವೂ ಸಲೀಸಾಗಿ ಬರುತ್ತದೆ. ಎಣ್ಣೆಯನ್ನಾಗಲಿ ಮನುಷ್ಯರಿಗೆ ಭೇದಿ ಮಾಡಿಸಲು ಕೊಡುವ ಔಷಧವನ್ನಾಗಲಿ ಬಾಯಿಗೆ ಹಾಕಬೇಡಿ. ಮೇವು ಬಿಟ್ಟರೆ, ಮುಕ್ಕಿದರೂ ಮಲ ಬರದಿದ್ದರೆ, ಹಿಂಗಾಲುಗಳನ್ನು ಎಳೆಯುತ್ತ ನಡೆದರೆ ಅದೇ ದಿನ ಕರೆತನ್ನಿ. ಪದೇ ಪದೇ ಹಾಸನ್ನೇ ತಿನ್ನುತ್ತಿದ್ದರೆ ಕ್ಯಾಲ್ಸಿಯಂ ಹಾಗೂ ಯುವಿಬಿ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ) ದೀಪದ ಕೊರತೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಬರುವಾಗ ಹಾಸಿನ ಒಂದು ಹಿಡಿಯನ್ನೂ ಕೊನೆಯ ಮಲವನ್ನೂ ಕಟ್ಟಿಕೊಂಡು ಬನ್ನಿ: ಮರಳೂ ಕಲ್ಲೂ ಎಕ್ಸ್-ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ, ತೊಗಟೆ ಹಾಗೂ ತೆಂಗಿನ ನಾರು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಹಾಗಾಗಿ ಒಳಗೆ ಏನಿರಬಹುದೆಂದು ವೈದ್ಯರಿಗೆ ಮೊದಲೇ ಗೊತ್ತಿರಬೇಕು.