ರಾತ್ರಿ ಊಟ ಬಿಟ್ಟರೂ ನಡು ಇಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಮಂಡಿಪೇಟೆ, ದಾವಣಗೆರೆ):
ಮೇಡಂ, ನಮಸ್ಕಾರ. ನನಗೆ 43 ವರ್ಷ, ಎತ್ತರ 5 ಅಡಿ 6 ಇಂಚು. ದಿನಸಿ ಅಂಗಡಿ ಇದೆ, ದಿನವಿಡೀ ಗಲ್ಲಾದ ಮುಂದೆಯೇ ಕೂರುತ್ತೇನೆ. ಎರಡು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೇನೆ. ಬೆಳಿಗ್ಗೆ ಮಲಗಿ ಏಳುವ ಹೊಟ್ಟೆಯ ವ್ಯಾಯಾಮವನ್ನು ನೂರು ಸಲ ಮಾಡುತ್ತೇನೆ. ತೂಕ 78ರಿಂದ 74 ಕಿಲೋಗೆ ಬಂದಿದೆ. ಮುಖ ಸೊರಗಿದೆ ಎಂದು ಮನೆಯವರು ಬೈಯುತ್ತಿದ್ದಾರೆ. ಆದರೆ 40 ಇಂಚು ಇದ್ದ ನಡು ಮೂವತ್ತೊಂಬತ್ತೂವರೆಗೆ ಬಂದು ನಿಂತುಬಿಟ್ಟಿದೆ. ಇನ್ನೂ ನೂರು ಸಲ ಹೆಚ್ಚಿಸಬೇಕೇ?

ಉತ್ತರ (ಆಹಾರ ತಜ್ಞೆ):
ಹೆಚ್ಚಿಸಬೇಡಿ. ಮೊದಲು ಎರಡು ಕೆಲಸ ಮಾಡಿ. ನಡುವಿನ ಅಳತೆಯನ್ನು ಪ್ಯಾಂಟ್ ಕಟ್ಟುವ ಜಾಗದಲ್ಲಿ ತೆಗೆದುಕೊಂಡಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಟ್ಟನಡುವೆ ಟೇಪು ಹಿಡಿದು, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ. ಎರಡನೆಯದು, ನಿನ್ನೆ ಬೆಳಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಟೀ, ಒಂದು ಹಿಡಿ ಖಾರ, ರುಚಿ ನೋಡಿದ ಬೆಲ್ಲದ ಚೂರು, ಎಲ್ಲವನ್ನೂ. ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ತರುತ್ತೀರಿ ಎಂಬುದನ್ನೂ ತಿಳಿಸಿ.

ಮಂಡಿಪೇಟೆಯವರು:
ನೀವು ಹೇಳಿದಂತೆ ಅಳೆದೆ, ಮೂವತ್ತೊಂಬತ್ತೂವರೆಯೇ ಬಂತು. ಆರೂವರೆಗೆ ಟೀ. ತಿಂಡಿಗೆ ಒಗ್ಗರಣೆ ಮಂಡಕ್ಕಿ, ಭಾನುವಾರವಾದರೆ ಹೊರಗೆ ಎರಡು ಬೆಣ್ಣೆ ದೋಸೆ. ಅಂಗಡಿಯಲ್ಲಿ ಸಂಜೆಯೊಳಗೆ ಐದು ಟೀ ಆಗುತ್ತದೆ, ಬಂದವರ ಜೊತೆ ಕುಡಿಯಲೇಬೇಕು. ಮಧ್ಯಾಹ್ನ ಮೂರಕ್ಕೆ ಎರಡು ಜೋಳದ ರೊಟ್ಟಿ, ಪಲ್ಯ, ಅನ್ನ ಸಾರು. ಸಂಜೆ ಮಂಡಕ್ಕಿ, ಮೂರು ಮಿರ್ಚಿ. ರಾತ್ರಿ ಊಟವಿಲ್ಲ, ಹಾಲು ಮತ್ತು ಬಾಳೆಹಣ್ಣು ಮಾತ್ರ. ಹತ್ತರ ಹೊತ್ತಿಗೆ ಹಸಿವು ತಡೆಯದೆ ಹುರಿದ ಶೇಂಗಾ ತಿನ್ನುತ್ತೇನೆ. ನಾವು ನಾಲ್ಕು ಜನ, ತಿಂಗಳಿಗೆ ಐದು ಲೀಟರ್ ಎಣ್ಣೆ. ಮೊಟ್ಟೆ, ಮಾಂಸ ಇಲ್ಲ.

ಉತ್ತರ:
ಇಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೆ ಸಂತೋಷವಾಯಿತು. ನಿಮ್ಮ ತೊಂದರೆ ಏನೆಂಬುದು ಈ ಪಟ್ಟಿಯಲ್ಲೇ ಇದೆ.

ಮೊದಲು ಆ ನೂರು ಸಲದ ವಿಷಯ. ಹೊಟ್ಟೆಯ ಸ್ನಾಯು ದುಡಿದರೆ ಅದರ ಮೇಲಿನ ಕೊಬ್ಬೇ ಕರಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ದೇಹ ಹಾಗೆ ಕೆಲಸ ಮಾಡುವುದಿಲ್ಲ. ಶಕ್ತಿ ಸಾಲದಾದಾಗ ಮೈಯೆಲ್ಲ ಇರುವ ಕೊಬ್ಬಿನ ಕೋಶಗಳು ಕೊಬ್ಬನ್ನು ರಕ್ತಕ್ಕೆ ಬಿಡುತ್ತವೆ, ದುಡಿಯುವ ಸ್ನಾಯು ರಕ್ತದಿಂದ ಅದನ್ನು ತೆಗೆದುಕೊಳ್ಳುತ್ತದೆ. ಕುಂದವಾಡ ಕೆರೆಯ ನೀರನ್ನು ನೆನೆಸಿಕೊಳ್ಳಿ. ಯಾವ ದಂಡೆಯಲ್ಲಿ ನಿಂತು ಮೊಗೆದರೂ ನೀರು ಇಡೀ ಕೆರೆಯಲ್ಲಿ ಇಳಿಯುತ್ತದೆ, ಆಳವಿದ್ದ ಕಡೆ ಕೊನೆಗೆ ಬತ್ತುತ್ತದೆ. ಗಂಡಸರಲ್ಲಿ ಬಹುತೇಕ ಆ ಆಳ ಇರುವುದು ಹೊಟ್ಟೆಯ ಮೇಲೆ. ಆದ್ದರಿಂದ ಮುಖ ಮೊದಲು ಸೊರಗಿತು.

ಹೊಟ್ಟೆಯಲ್ಲಿ ಎರಡು ಬಗೆಯ ಕೊಬ್ಬಿದೆ. ಬೆರಳಿನಲ್ಲಿ ಹಿಡಿಯಲು ಸಿಗುವುದು ಚರ್ಮದ ಕೆಳಗಿನದು. ಕರುಳು, ಯಕೃತ್ತುಗಳ ಸುತ್ತ ಕೂರುವುದು ಒಳಗಿನದು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಯಕೃತ್ತಿನಲ್ಲಿ ಕೊಬ್ಬು ತುಂಬುವುದು, ಇವುಗಳಿಗೆ ಹೆಚ್ಚು ನಂಟಿರುವುದು ಒಳಗಿನ ಕೊಬ್ಬಿಗೆ. ಸಮಾಧಾನದ ಸಂಗತಿ ಎಂದರೆ ನಡಿಗೆ ಮತ್ತು ಊಟದ ಬದಲಾವಣೆಗೆ ಬೇಗ ಕರಗುವುದೂ ಅದೇ. ನಮ್ಮವರಿಗೆ ನಡುವಿನ ಮಿತಿ ಗಂಡಸರಲ್ಲಿ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಇಂಚು. ಹೆಂಗಸರಲ್ಲಿ 80 ಸೆಂಟಿಮೀಟರ್, ಸುಮಾರು ಮೂವತ್ತೊಂದೂವರೆ ಇಂಚು. ನೀವು ನಾಲ್ಕು ಇಂಚು ಇಳಿಯಬೇಕಿದೆ.

ಸಾಮಾನ್ಯವಾಗಿ ಒಂದು ಕಿಲೋ ತೂಕ ಇಳಿದರೆ ನಡು ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ನಿಮಗೆ ನಾಲ್ಕು ಕಿಲೋಗೆ ಒಂದೂವರೆ ಇಂಚು ಇಳಿಯಬೇಕಿತ್ತು, ಅರ್ಧ ಇಂಚು ಮಾತ್ರ ಇಳಿದಿದೆ. ಕೊಬ್ಬಿನ ಜೊತೆಗೆ ಸ್ನಾಯು ಮತ್ತು ನೀರನ್ನೂ ಕಳೆದುಕೊಂಡಿದ್ದೀರಿ ಎಂಬ ಅನುಮಾನ ನನಗಿದೆ. ನಿಮ್ಮ ಪಟ್ಟಿಯಲ್ಲಿ ಕಾಳು ಇಲ್ಲ, ಬೇಳೆ ಇರುವುದು ಸಾರಿನ ತಿಳಿಯಲ್ಲಿ, ಮೊಸರೂ ಇಲ್ಲ. ನನ್ನ ಅಂದಾಜಿಗೆ ದಿನಕ್ಕೆ 35ರಿಂದ 40 ಗ್ರಾಂ ಪ್ರೋಟೀನ್ ಸಿಗುತ್ತಿದೆ. ನಿಮ್ಮ ತೂಕಕ್ಕೆ 60 ಗ್ರಾಂ ಆದರೂ ಬೇಕು. ಪ್ರೋಟೀನ್ ಸಾಲದೆ, ಭಾರದ ಕೆಲಸವೂ ಇಲ್ಲದೆ ಉಪವಾಸ ಮಾಡಿದರೆ ದೇಹ ಸ್ನಾಯುವನ್ನೂ ತಿಂದುಹಾಕುತ್ತದೆ. ನಲವತ್ತು ದಾಟಿದ ಮೇಲೆ ಹೋದ ಸ್ನಾಯುವನ್ನು ಮರಳಿ ತರುವುದು ಬಹಳ ಕಷ್ಟ. ನನಗೆ ನಿಮ್ಮ ಹೊಟ್ಟೆಗಿಂತ ಹೆಚ್ಚು ಚಿಂತೆ ಇದರದ್ದೇ.

ಆದ್ದರಿಂದ ಇವತ್ತಿನಿಂದಲೇ ರಾತ್ರಿ ಊಟ ಮಾಡಿ. ಸಾಧ್ಯವಾದರೆ ಅಂಗಡಿಗೇ ಡಬ್ಬಿ ತರಿಸಿಕೊಂಡು ಎಂಟರೊಳಗೆ ಮುಗಿಸಿ. ಒಂದು ರೊಟ್ಟಿ, ಅದಕ್ಕೆ ಹೆಸರುಕಾಳು, ಮಡಕೆಕಾಳು ಅಥವಾ ಅಲಸಂದೆ ಪಲ್ಯ ಒಂದು ಬಟ್ಟಲು ತುಂಬ, ಸೌತೆಕಾಯಿ, ಒಂದು ಲೋಟ ಮಜ್ಜಿಗೆ. ಮಧ್ಯಾಹ್ನದ ಊಟಕ್ಕೂ ಕಾಳು ಸೇರಿಸಿ, ಅನ್ನವನ್ನು ಅರ್ಧ ಮಾಡಿ. 40 ಗ್ರಾಂ ಒಣಕಾಳು ಬೆಂದರೆ 9 ಗ್ರಾಂ ಪ್ರೋಟೀನ್ ಸಿಗುತ್ತದೆ. ಎರಡು ಹೊತ್ತು ಕಾಳು, ಒಂದು ಬಟ್ಟಲು ಗಟ್ಟಿ ಮೊಸರು ಸೇರಿದರೆ ಲೆಕ್ಕ ಕೂಡಿ ಬರುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಇನ್ನು ಕಡಿಮೆ ಮಾಡಬೇಕಾದದ್ದು. ಐದು ಲೀಟರ್ ಎಣ್ಣೆ ನಾಲ್ಕು ಜನರಿಗೆ ಎಂದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, ಅಂದರೆ 340 ಕ್ಯಾಲೊರಿ. ಮಿರ್ಚಿ, ದೋಸೆಗಳ ಎಣ್ಣೆ ಬೆಣ್ಣೆ ಇದರ ಮೇಲಿನದು. ಮೂರು ಲೀಟರಿಗೆ ಇಳಿಸಿ. ಎಣ್ಣೆಯ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಲು ಮನೆಯಲ್ಲಿ ಹೇಳಿ, ಅಷ್ಟಕ್ಕೇ ವ್ಯತ್ಯಾಸ ಕಾಣುತ್ತದೆ. ಆರು ಟೀಗಳಲ್ಲಿ ಒಂದೊಂದಕ್ಕೆ ಒಂದೂವರೆ ಚಮಚ ಸಕ್ಕರೆ ಹಿಡಿದರೂ ದಿನಕ್ಕೆ 45 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಪ್ರಕಾರ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಎರಡು ಟೀ ಸಕ್ಕರೆ ಹಾಕಿಯೇ ಕುಡಿಯಿರಿ, ಉಳಿದದ್ದು ಸಕ್ಕರೆ ಇಲ್ಲದ್ದು ಅಥವಾ ಮಜ್ಜಿಗೆ. ಅಂಗಡಿಗೆ ಬಂದವರ ಜೊತೆ ಮಜ್ಜಿಗೆ ಕುಡಿದರೆ ವ್ಯಾಪಾರವೇನೂ ಕೆಡುವುದಿಲ್ಲ.

ಮಂಡಕ್ಕಿ ಬಿಡಿ ಎಂದು ದಾವಣಗೆರೆಯವರಿಗೆ ನಾನು ಹೇಳುವುದಿಲ್ಲ. ನಾನು ಹುಟ್ಟಿ ಬೆಳೆದದ್ದೂ ಭಟ್ಟಿಗಳ ಹೊಗೆ ಕಾಣುವ ಬೀದಿಯಲ್ಲೇ. ಮಂಡಕ್ಕಿ ಹಗುರ, ಆದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಹುರಿಗಡಲೆ, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಮೊಳಕೆ ಕಾಳು ಸೇರಿಸಿ. ಮಿರ್ಚಿ ದಿನಕ್ಕೆ ಮೂರು ಬೇಡ, ವಾರಕ್ಕೆ ಎರಡು ಸಾಕು. ಭಾನುವಾರ ಒಂದೇ ಬೆಣ್ಣೆ ದೋಸೆ, ಅದನ್ನು ನಿಧಾನವಾಗಿ ಸವಿದು ತಿನ್ನಿ.

ವ್ಯಾಯಾಮದಲ್ಲಿ ನಮ್ಮ ಊರಿಗೆ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಗರಡಿಮನೆಯ ಬಸ್ಕಿ ಮತ್ತು ದಂಡ ಸಾಕು. ತೊಡೆ, ಪೃಷ್ಠ, ಎದೆ, ಬೆನ್ನುಗಳ ದೊಡ್ಡ ಸ್ನಾಯುಗಳು ದುಡಿಯಬೇಕು. ವಾರಕ್ಕೆ ಮೂರು ದಿನ ಹನ್ನೆರಡು ಬಸ್ಕಿಯಂತೆ ಮೂರು ಸುತ್ತು, ಗೋಡೆಗೆ ಕೈಯೂರಿ ದಂಡ ಅಷ್ಟೇ. ಸುಲಭವಾದ ಮೇಲೆ ನೆಲದ ಮೇಲೆ ದಂಡ ಮಾಡಿ, ಬಸ್ಕಿಗೆ ಎದೆಗೆ ಐದು ಕಿಲೋ ಅಕ್ಕಿ ಚೀಲ ಅಪ್ಪಿಕೊಳ್ಳಿ. ಉಳಿದ ದಿನಗಳಲ್ಲಿ ಕುಂದವಾಡ ಕೆರೆಯ ಏರಿಯ ಮೇಲೆ ಅಥವಾ ಹೈಸ್ಕೂಲ್ ಮೈದಾನದಲ್ಲಿ ನಲವತ್ತು ನಿಮಿಷ ಬಿರುಸು ನಡಿಗೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಮಧ್ಯಾಹ್ನದ ಊಟವಾದ ಮೇಲೆ ಹತ್ತು ನಿಮಿಷ ಬೀದಿಯಲ್ಲಿ ಓಡಾಡಿದರೆ ರಕ್ತದ ಸಕ್ಕರೆ ಏರುವುದೂ ತಗ್ಗುತ್ತದೆ.

ವಾರಕ್ಕೆ ಅರ್ಧ ಕಿಲೋಗಿಂತ ವೇಗ ಬೇಡ. ನಡುವೆ ಒಮ್ಮೆ ರಕ್ತದೊತ್ತಡ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟರಾಲ್, ಯಕೃತ್ತು, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಇದನ್ನು ಓದುತ್ತಿರುವ ಎಲ್ಲರಿಗೂ ಒಂದು ಮಾತು. ಹೊಟ್ಟೆ ಬೆಳೆಯುತ್ತಾ ಕೈಕಾಲು ಸಣ್ಣಗಾಗುತ್ತಿದ್ದರೆ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು ಕಂಡರೆ, ಹೊಟ್ಟೆಯ ಜೊತೆ ಕಾಲೂ ಊದಿದರೆ ಅದು ಬರೀ ಬೊಜ್ಜಲ್ಲ. ವ್ಯಾಯಾಮ ಮಾಡುತ್ತಾ ಕಾಯದೆ ವೈದ್ಯರ ಬಳಿ ಹೋಗಿ.

ಪ್ರಶ್ನೆ (ಚಳ್ಳಕೆರೆ):
ನಮ್ಮದು ಎಣ್ಣೆ ಮಿಲ್ಲುಗಳ ಊರು ಮೇಡಂ. ಗಾಣದ ಶೇಂಗಾ ಎಣ್ಣೆಗೂ ಈ ಲೆಕ್ಕ ಅನ್ವಯಿಸುತ್ತದೆಯೇ? ಅನ್ನ ಬಿಟ್ಟು ಮುದ್ದೆಗೆ ಬಂದರೆ ಹೊಟ್ಟೆ ಕರಗುವುದೇ?

ಉತ್ತರ:
ಅನ್ವಯಿಸುತ್ತದೆ ಸರ್. ಗಾಣದ್ದಾದರೂ ಮಿಲ್ಲಿನದಾದರೂ ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿಯೇ. ರುಚಿಗೆ, ಪರಿಮಳಕ್ಕೆ ಗಾಣದ್ದನ್ನು ಬಳಸಿ, ಅಳತೆ ಮಾತ್ರ ಮೀರಬೇಡಿ. ಅಕ್ಕಿ, ರಾಗಿ, ಜೋಳ ಮೂರೂ ನೂರು ಗ್ರಾಮಿಗೆ 320ರಿಂದ 350 ಕ್ಯಾಲೊರಿಯ ಆಸುಪಾಸಿನಲ್ಲೇ ಇವೆ. ರಾಗಿ, ಜೋಳದಲ್ಲಿ ನಾರು ಹೆಚ್ಚು, ಹಸಿವು ತಡವಾಗುತ್ತದೆ. ಆದರೆ ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಯಾವ ಲಾಭವೂ ಇಲ್ಲ.

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಅಕ್ಕಾ, ನನಗೆ 32 ವರ್ಷ. ಎರಡನೆಯ ಮಗುವಿಗೆ ಏಳು ತಿಂಗಳು, ಹಾಲು ಕುಡಿಸುತ್ತಿದ್ದೇನೆ. ಈಗಲೂ ಬಸುರಿಯಂತೆ ಕಾಣುತ್ತೇನೆ. ಅತ್ತೆಯವರು ಹೊಟ್ಟೆಗೆ ಬಟ್ಟೆ ಕಟ್ಟಿಕೋ ಎನ್ನುತ್ತಾರೆ. ಮೇಲೆ ಹೇಳಿದ್ದನ್ನೆಲ್ಲ ನಾನೂ ಮಾಡಬಹುದೇ?

ಉತ್ತರ:
ಎಲ್ಲವನ್ನೂ ಅಲ್ಲ ತಂಗಿ. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನು ಸ್ವಲ್ಪ ಎತ್ತಿ ಹೊಕ್ಕುಳಿನ ಮೇಲೆ ಬೆರಳಿಟ್ಟು ನೋಡು. ನಡುವಿನ ಸಂದಿನಲ್ಲಿ ಎರಡಕ್ಕಿಂತ ಹೆಚ್ಚು ಬೆರಳು ಇಳಿದರೆ ಹೊಟ್ಟೆಯ ಎರಡು ಬದಿಯ ಸ್ನಾಯುಗಳು ಇನ್ನೂ ಕೂಡಿಕೊಂಡಿಲ್ಲ ಎಂದರ್ಥ. ಆಗ ಮಲಗಿ ಏಳುವ ವ್ಯಾಯಾಮ ಬೇಡವೇ ಬೇಡ, ಸಂದು ಹಿಗ್ಗಬಹುದು. ಫಿಸಿಯೋಥೆರಪಿ ತಜ್ಞರನ್ನು ಒಮ್ಮೆ ಕಂಡು ಉಸಿರಿನ ಜೊತೆ ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆಯುವ ವ್ಯಾಯಾಮ ಕಲಿತುಕೋ. ಬಟ್ಟೆ ಕಟ್ಟಿದರೆ ಬೆನ್ನಿಗೆ ಆಸರೆ ಸಿಗುತ್ತದೆ, ಕೊಬ್ಬು ಕರಗುವುದಿಲ್ಲ. ಅತ್ತೆಯವರ ಕಾಳಜಿಯನ್ನು ನೋಯಿಸಬೇಡ, ಉಸಿರು ಕಟ್ಟುವಷ್ಟು ಬಿಗಿಯಬೇಡ ಅಷ್ಟೇ. ಹಾಲುಣಿಸುವಾಗ ಈ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 520 ಕ್ಯಾಲೊರಿ ಹೆಚ್ಚಿಗೆ ಬೇಕು. ಊಟ ಕಡಿತಗೊಳಿಸಬೇಡ, ಬಾಣಂತಿ ಲಾಡುಗಳ ಸಂಖ್ಯೆ ಮಾತ್ರ ನೋಡಿಕೋ.

ಪ್ರಶ್ನೆ (ಚಿತ್ರದುರ್ಗ):
ಬೆವರು ಬರಿಸುವ ಬೆಲ್ಟ್, ನಿಂಬೆರಸ ಜೇನು, ಜಿಮ್‌ನಲ್ಲಿ ಕೊಡುವ ಕೊಬ್ಬು ಕರಗಿಸುವ ಪುಡಿ, ಇವು?

ಉತ್ತರ:
ಬೆಲ್ಟಿನಿಂದ ಹೋಗುವುದು ನೀರು, ಎರಡು ಲೋಟ ಕುಡಿದರೆ ಮರಳಿ ಬರುತ್ತದೆ. ನಿಂಬೆರಸ ಕುಡಿಯಿರಿ, ಜೇನು ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ. ಒಳಗೇನಿದೆ ಎಂದು ಗೊತ್ತಿಲ್ಲದ ಪುಡಿಯನ್ನು ದಯವಿಟ್ಟು ಮುಟ್ಟಬೇಡಿ. ನಿಮ್ಮ ಊರಿನ ಕೋಟೆಯ ಮೆಟ್ಟಿಲುಗಳನ್ನು ವಾರಕ್ಕೆರಡು ಬಾರಿ ಹತ್ತಿ ಇಳಿಯಿರಿ.

ಮಂಡಿಪೇಟೆಯವರು:
ಮೇಡಂ, ಕೊನೆಯ ಒಂದು ಪ್ರಶ್ನೆ. ಮುಂದಿನ ತಿಂಗಳು ಮನೆತನದಲ್ಲಿ ಮೂರು ಮದುವೆಗಳಿವೆ. ಹೋಳಿಗೆ ಬೇಡ ಎಂದರೆ ಬೀಗರು ಬೇಸರಪಟ್ಟುಕೊಳ್ಳುತ್ತಾರೆ.

ಉತ್ತರ:
ಬೇಡ ಎನ್ನಬೇಡಿ. ಕೋಸಂಬರಿ, ಪಲ್ಯಗಳನ್ನು ಮೊದಲು ಉಂಡು, ಒಂದು ಹೋಳಿಗೆ ತುಪ್ಪದೊಂದಿಗೆ ತಿನ್ನಿ, ಆ ಊಟದಲ್ಲಿ ಅನ್ನ ಒಂದೇ ಸಲ ಬಡಿಸಿಕೊಳ್ಳಿ. ಮಾರನೆಯ ದಿನ ಉಪವಾಸ ಮಾಡದೆ ಎಂದಿನಂತೆ ಕಾಳು, ರೊಟ್ಟಿ, ನಡಿಗೆ. ಎರಡು ವಾರ ಬಿಟ್ಟು ಭಾನುವಾರ ಬೆಳಿಗ್ಗೆ, ದೋಸೆಗೆ ಹೋಗುವ ಮುಂಚೆ, ನಡು ಅಳೆದು ಇಲ್ಲೇ ಬರೆಯಿರಿ. ಎಷ್ಟು ಬಸ್ಕಿ ಹೊಡೆಯಲು ಆಗುತ್ತಿದೆ ಎಂಬುದನ್ನೂ ತಿಳಿಸಿ.